ರಸ್ತೆಯ ಪಾಠ: ಯಾರಿಗೆ ಮೊದಲು, ಯಾರಿಗೆ ಕೊನೆಗೆ?

ಜನವರಿ ತಿಂಗಳು ಬಂತೆಂದರೆ ಠಾಣೆಯ ತೀನ್ ಹಾತ್ ನಾಕಾದಿಂದ ಹಿಡಿದು ಪನ್ವೇಲಿನವರೆಗೆ ರಸ್ತೆ ಸುರಕ್ಷೆಯ ಫಲಕಗಳು ತಲೆಯೆತ್ತುತ್ತವೆ. ಹಿಂದೆ ಇದು ಸಪ್ತಾಹವಾಗಿತ್ತು. ಈಚಿನ ವರ್ಷಗಳಲ್ಲಿ ಮಾಸಾಚರಣೆಯೂ ಆಗಿದೆ. ಸರಕಾರಿ ಕಚೇರಿಗಳಲ್ಲಿ ಸುತ್ತೋಲೆ ಹೊರಡುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ, ಶಾಲೆಯ ಮಕ್ಕಳು ಘೋಷಣೆ ಕೂಗುತ್ತ ಮೆರವಣಿಗೆ ಹೊರಡುತ್ತಾರೆ. ಸುತ್ತೋಲೆಗಳ ನಡುವೆಯೇ ಹೊಟ್ಟೆ ಹೊರೆಯುವ ನನಗೆ ಅವುಗಳ ಬಗ್ಗೆ ಅನಾದರವೇನೂ ಇಲ್ಲ. ಆದರೆ ಈ ಪಾಠವನ್ನು ಯಾರು ಯಾರಿಗೆ ಹೇಳುತ್ತ ಬಂದರು, ಯಾವ ಅನುಕ್ರಮದಲ್ಲಿ ಹೇಳುತ್ತ ಬಂದರು ಎಂದು ಚರಿತ್ರೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಪೆಟ್ಟು ತಿನ್ನುವವನಿಗೆ ಮೊದಲ ಪಾಠ, ಪೆಟ್ಟು ಕೊಡುವವನಿಗೆ ಎರಡನೆಯ ಪಾಠ, ಪೆಟ್ಟಾಗುವಂಥ ರಸ್ತೆ ಕಟ್ಟಿದವನಿಗೆ ಎಲ್ಲಕ್ಕಿಂತ ಕೊನೆಯ ಪಾಠ.

ಪೆಟ್ಟು ತಿನ್ನುವವರು ಯಾರೆಂಬುದಕ್ಕೆ ಅಂಕಿಗಳಿವೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. 32,825 ಮಂದಿ ಕಾಲ್ನಡಿಗೆಯವರು. ಈ ಎರಡು ವರ್ಗಗಳನ್ನು ಕೂಡಿದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಾಯಿತು. ಕಾರಿನೊಳಗೆ ಕುಳಿತವನಿಗೆ ಸುತ್ತ ತಗಡಿನ ಕವಚವಾದರೂ ಉಂಟು. ಇವರಿಗೆ ಅದೂ ಇಲ್ಲ.

ಮೋಟಾರು ವಾಹನವು ಪಾದಚಾರಿಯೊಬ್ಬರನ್ನು ಬಲಿ ತೆಗೆದುಕೊಂಡ ಮೊದಮೊದಲ ಪ್ರಕರಣಗಳಲ್ಲಿ ಪ್ರಸಿದ್ಧವಾದದ್ದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ನಡೆಯಿತು. 1896ರ ಆಗಸ್ಟ್ 17ರಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ 44 ವರ್ಷದ ಗೃಹಿಣಿ ಮಗಳೊಂದಿಗೆ ಅಲ್ಲಿಗೆ ಬಂದಿದ್ದಳು. ಜನರನ್ನು ಕೂರಿಸಿಕೊಂಡು ಪ್ರದರ್ಶನಕ್ಕಾಗಿ ಓಡುತ್ತಿದ್ದ ಮೋಟಾರು ಗಾಡಿಯೊಂದು ಅವಳಿಗೆ ಬಡಿಯಿತು. ವಿಚಾರಣೆಯಲ್ಲಿ 'ಆಕಸ್ಮಿಕ ಮರಣ' ಎಂಬ ತೀರ್ಪು ಬಂತು. ಆಗ ಚಾಲಕನಿಗೆ ಲೈಸೆನ್ಸು ಎಂಬುದೇ ಇರಲಿಲ್ಲ. 1903ರ ಕಾಯಿದೆಯಿಂದ ಬ್ರಿಟನ್ನಿನಲ್ಲಿ ಲೈಸೆನ್ಸು ಬಂತು. ಐದು ಶಿಲಿಂಗು ಕೊಟ್ಟರೆ ಸಾಕು, ಪರೀಕ್ಷೆಯಿಲ್ಲ. ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್‌ನಲ್ಲಿ. ಅಂದರೆ ಚೀಟಿಗೂ ಪರೀಕ್ಷೆಗೂ ನಡುವೆ 32 ವರ್ಷ. ಅದರ ಹಿಂದಿನ ವರ್ಷ, 1934ರಲ್ಲಿ, ಆ ದೇಶದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 7,343ಕ್ಕೆ ಏರಿತ್ತು. ಆಗ ಸರಕಾರಕ್ಕೆ ಎಚ್ಚರವಾಯಿತು.

ಆದರೆ ನಡೆಯುವವನಿಗೆ ಪಾಠ ಅಷ್ಟು ತಡವಾಗಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬೀದಿದೀಪಗಳನ್ನು ಆರಿಸಿದ್ದರಿಂದ ಅಪಘಾತಗಳು ಹೆಚ್ಚಿ, 1916ರಲ್ಲಿ ಸುರಕ್ಷಾ ಮಂಡಳಿಯೊಂದು ಹುಟ್ಟಿಕೊಂಡಿತು. ಅದರ ಮೊದಲ ಪ್ರಚಾರವೇ ಪಾದಚಾರಿಗಳ ಕುರಿತಾದದ್ದು: ವಾಹನಗಳಿಗೆ ಬೆನ್ನು ಕೊಟ್ಟು ನಡೆಯಬೇಡಿ, ಎದುರಿನಿಂದ ಬರುವುದು ಕಾಣುವಂತೆ ನಡೆಯಿರಿ ಎಂದು. ಪಾಠ ಸರಿಯಾಗಿಯೇ ಇತ್ತು, ಫಲವನ್ನೂ ಕೊಟ್ಟಿತು. ಅಮೆರಿಕದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ 1920ರ ದಶಕದಲ್ಲಿ ಮೋಟಾರು ಕ್ಲಬ್ಬುಗಳೂ ವ್ಯಾಪಾರಿಗಳೂ 'ಜೇವಾಕರ್' ಎಂಬ ಮಾತನ್ನು ಪ್ರಚಾರಕ್ಕೆ ತಂದರು. 'ಜೇ' ಎಂದರೆ ಅಲ್ಲಿಯ ಆಡುಮಾತಿನಲ್ಲಿ ಹಳ್ಳಿಗುಗ್ಗು. ಅಲ್ಲಿಯವರೆಗೆ ಬೀದಿಯಲ್ಲಿ ನಡೆಯುವುದು, ನಿಂತು ಮಾತಾಡುವುದು, ಮಕ್ಕಳು ಆಡುವುದು ಎಲ್ಲರ ಹಕ್ಕಾಗಿತ್ತು. ಒಂದು ಬೈಗುಳದ ಬಲದಿಂದ ಬೀದಿಯ ಒಡೆತನವೇ ಕೈ ಬದಲಾಯಿಸಿತು. ಶಾಲಾ ಮಕ್ಕಳನ್ನೇ ಪಹರೆಗೆ ನಿಲ್ಲಿಸಿ ಚಿಕ್ಕವರನ್ನು ರಸ್ತೆ ದಾಟಿಸುವ ಪದ್ಧತಿಯೂ ಅಮೆರಿಕದಲ್ಲೇ, 1920ರ ಹೊತ್ತಿಗೆ ಶಿಕಾಗೋದಲ್ಲಿ, ಬೆಳೆಯಿತು. ನಮ್ಮ ಮಹಾರಾಷ್ಟ್ರದ ಶಾಲೆಗಳಲ್ಲಿ ಕಾಣುವ ಆರ್.ಎಸ್.ಪಿ., ಅಂದರೆ ರೋಡ್ ಸೇಫ್ಟಿ ಪೆಟ್ರೋಲ್, ಇದೇ ಕುಲಕ್ಕೆ ಸೇರಿದ್ದು. ಕಲ್ಯಾಣ, ಡೊಂಬಿವಲಿಗಳಲ್ಲಿ ಹಬ್ಬಹರಿದಿನದ ಗದ್ದಲದಲ್ಲಿ ಪೊಲೀಸರ ಜತೆಗೆ ನಿಂತು ದಟ್ಟಣೆ ಬಿಡಿಸುವ ಆರ್.ಎಸ್.ಪಿ. ಶಿಕ್ಷಕರನ್ನು ವಾಚಕರು ನೋಡಿಯೇ ಇರುತ್ತಾರೆ.

ಇನ್ನು ನಮ್ಮ ದೇಶದ ಮಾತು. ಮುಂಬಯಿಗೆ ಮೋಟಾರು ಕಾರು ಬಂದದ್ದು 1898ರಲ್ಲಿ. ಆ ಮೊದಲ ಒಡೆಯರಲ್ಲಿ ಜಮ್‌ಶೇಟ್‌ಜಿ ಟಾಟಾ ಒಬ್ಬರು. ಇಡೀ ದೇಶಕ್ಕೆ ಅನ್ವಯಿಸುವ ಮೋಟಾರು ಕಾಯಿದೆ 1914ರಲ್ಲಿ ಬಂತು. ಅದನ್ನು ಬದಲಿಸಿ 1939ರ ಕಾಯಿದೆ, ಅದನ್ನೂ ಬದಲಿಸಿ 1989ರ ಜುಲೈ 1ರಿಂದ ಜಾರಿಗೆ ಬಂದ 1988ರ ಕಾಯಿದೆ. ಕಿಟಕಿಯಿಂದ ಕೈ ಹೊರಚಾಚಿ ಸನ್ನೆ ಮಾಡುತ್ತಿದ್ದ ಅಂಬಾಸಡರ್ ಚಾಲಕರು ಹಿರಿಯ ವಾಚಕರಿಗೆ ನೆನಪಿರಬಹುದು. ಅದು 1939ರ ಕಾಯಿದೆಯ ಕಾಲದ ವಿದ್ಯೆ.

ಕಾಯಿದೆ ಪುಸ್ತಕದಲ್ಲಿ ಪರೀಕ್ಷೆ ಇದ್ದುದು ನಿಜ. ಆದರೆ ನಿಜವಾದ ಪಾಠಶಾಲೆ ಬೇರೆಯೇ ಇತ್ತು: ಲಾರಿಯ ಕ್ಲೀನರ್ ಸೀಟು. ಹುಡುಗನೊಬ್ಬ ಊರು ಬಿಟ್ಟು ಲಾರಿ ಹತ್ತುತ್ತಾನೆ. ಗಾಜು ಒರೆಸುತ್ತಾನೆ, ಟೈರು ಬಡಿದು ನೋಡುತ್ತಾನೆ, ಹಿಂದಕ್ಕೆ ತೆಗೆಯುವಾಗ 'ಬರ್ಲಿ, ಬರ್ಲಿ' ಎಂದು ಕೂಗುತ್ತಾನೆ. ರಾತ್ರಿ ಡ್ರೈವರಿಗೆ ನಿದ್ದೆ ಬಾರದಂತೆ ಮಾತಾಡುತ್ತ ಕೂರುವುದೂ ಅವನ ಕೆಲಸ. ಎರಡು ಮೂರು ವರ್ಷದ ಮೇಲೆ ಖಾಲಿ ರಸ್ತೆ ಕಂಡಾಗ ಸ್ಟಿಯರಿಂಗು ಅವನ ಕೈಗೆ ಬರುತ್ತದೆ. ತುರ್ಭೆಯ ಎ.ಪಿ.ಎಂ.ಸಿ. ಮಾರುಕಟ್ಟೆಗೂ ಕಳಂಬೋಲಿಯ ಉಕ್ಕಿನ ಮಾರುಕಟ್ಟೆಗೂ ನಮ್ಮ ಕರ್ನಾಟಕದಿಂದ ಬರುವ ಲಾರಿಗಳ ಚಾಲಕರಲ್ಲಿ ಈ ಗುರುಕುಲದಲ್ಲಿ ಕಲಿತವರು ಬಹಳ. ಗಾಡಿ ನಡೆಸುವ ಕೈಚಳಕವನ್ನು ಈ ಶಾಲೆ ಚೆನ್ನಾಗಿಯೇ ಕಲಿಸುತ್ತದೆ. ಆದರೆ ಗುರುವಿನ ದುರಭ್ಯಾಸವೂ ವಿದ್ಯೆಯೊಂದಿಗೇ ಶಿಷ್ಯನಿಗೆ ದಾಟುತ್ತದೆ. ಎಷ್ಟು ಗಂಟೆ ಓಡಿಸಿದ ಮೇಲೆ ನಿಲ್ಲಿಸಬೇಕು ಎಂಬುದನ್ನು ಅಲ್ಲಿ ಯಾರೂ ಕಲಿಸುವುದಿಲ್ಲ. ಅದನ್ನು ಮಾಲು ಇಳಿಸುವ ವೇಳೆ ನಿಶ್ಚಯಿಸುತ್ತದೆ.

ಚಾಲಕನಿಗೆ ಕ್ರಮವಾಗಿ ಶಿಕ್ಷಣ ಕೊಟ್ಟವರು ಸಾರ್ವಜನಿಕ ಬಸ್ ಸಂಸ್ಥೆಗಳು. ಮುಂಬಯಿಯಲ್ಲಿ ಬೆಸ್ಟ್‌ನ ಮೊದಲ ಬಸ್ಸು 1926ರ ಜುಲೈ 15ರಂದು ಓಡಿತು. ಮಹಾರಾಷ್ಟ್ರದ ಎಸ್.ಟಿ. 1948ರ ಜೂನ್ 1ರಂದು ಪುಣೆ–ಅಹ್ಮದನಗರ ದಾರಿಯಲ್ಲಿ ಹೊರಟಿತು. ಅದೇ ವರ್ಷ ಸೆಪ್ಟೆಂಬರ್ 12ರಂದು ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಮುಂದೆ 1961ರಲ್ಲಿ ಅದು ನಿಗಮವಾಯಿತು. 1967ರಲ್ಲಿ ಪುಣೆಯ ಭೋಸರಿಯಲ್ಲಿ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಗಿ, ಸಾರಿಗೆ ನಿಗಮಗಳ ಸಿಬ್ಬಂದಿಯ ತರಬೇತಿ ಒಂದು ಶಾಸ್ತ್ರದ ರೂಪ ಪಡೆಯಿತು. ನಿಗಮಗಳು ಹೀಗೆ ಮಾಡಿದ್ದಕ್ಕೆ ಕಾರಣ ಸರಳ. ಅಪಘಾತವಾದರೆ ಪರಿಹಾರ ಕೊಡಬೇಕಾದವರು, ವಿಧಾನಸಭೆಯಲ್ಲಿ ಉತ್ತರ ಹೇಳಬೇಕಾದವರು ಅವರೇ. ಬಿಡಿ ಲಾರಿಯ ಮಾಲಿಕನಿಗೆ ಆ ಭಾರವಿರಲಿಲ್ಲ. ಮುಂದೆ ಸರಕಾರ ಸಾರಿಗೆ ವಾಹನದ ಚಾಲಕ ಎಂಟನೆಯ ತರಗತಿ ಓದಿರಲೇಬೇಕೆಂದು ನಿಯಮ ಮಾಡಿ, 2019ರಲ್ಲಿ ಅದನ್ನು ತೆಗೆದುಹಾಕಿತು. ತೆಗೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಎಂಟನೆಯ ತರಗತಿಯ ಭೂಗೋಳಕ್ಕೂ ಘಾಟಿಯಲ್ಲಿ ಗೇರು ಇಳಿಸುವುದಕ್ಕೂ ಸಂಬಂಧವಿಲ್ಲ. ಆದರೆ ಆ ಜಾಗದಲ್ಲಿ ಬರಬೇಕಾದ ತರಬೇತಿ ಎಲ್ಲ ಚಾಲಕರಿಗೂ ತಲಪಿಲ್ಲ.

ಪಾದಚಾರಿಯ ಪಾಠಕ್ಕೆ ಮರಳೋಣ. ನಮ್ಮ ಪೀಳಿಗೆಯವರು ಊರ ಶಾಲೆಗಳಲ್ಲಿ ಕಲಿತದ್ದು ಒಂದೇ ವಾಕ್ಯ: 'ರಸ್ತೆಯ ಎಡಬದಿಯಲ್ಲೇ ನಡೆಯಬೇಕು.' ವಾಹನದ ನಿಯಮವನ್ನೇ ಎತ್ತಿ ಮನುಷ್ಯನಿಗೂ ಅಂಟಿಸಿದ್ದರು. ಫುಟ್‌ಪಾತಿದ್ದರೆ ಯಾವ ಬದಿಯಾದರೂ ಸರಿಯೆ. ಫುಟ್‌ಪಾತಿಲ್ಲದ ರಸ್ತೆಯಲ್ಲಿ ಎಡಬದಿಯೆಂದರೆ ಹಿಂದಿನಿಂದ ಬರುವ ವಾಹನಕ್ಕೆ ಬೆನ್ನು ಕೊಡುವುದು ಎಂದರ್ಥ. ಲಂಡನ್ನಿನವರು ಯುದ್ಧಕಾಲದ ಕತ್ತಲೆಯಲ್ಲಿ ಬಿಡಿಸಿದ ಅಭ್ಯಾಸವನ್ನು ನಾವು ದಶಕಗಳ ಬಳಿಕವೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆವು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬಹುದು, ಬಿ.ಎಸ್ಸಿ.ಯಲ್ಲಿ ಕಲಿತದ್ದಕ್ಕೆ ಇಷ್ಟಾದರೂ ಉಪಯೋಗವಿರಲಿ. ಗಂಟೆಗೆ 60 ಕಿಲೋಮೀಟರು ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತದೆ. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯಿರಿ. ಬಳಿಕ ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನ ಕಾರು ನಿಲ್ಲಲು ಇನ್ನು 20 ಮೀಟರು. ಒಟ್ಟು 37. ಅದೇ ವಾಹನ 30ರ ವೇಗದಲ್ಲಿದ್ದರೆ ಮೊದಲ ಸೆಕೆಂಡಿಗೆ 8 ಮೀಟರು, ನಿಲ್ಲಲು 5, ಒಟ್ಟು 13. ವೇಗ ಅರ್ಧಕ್ಕಿಳಿದರೆ ಬ್ರೇಕಿನ ದೂರ ಕಾಲುಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. ಮಳೆಗಾಲದ ಒದ್ದೆ ಡಾಮರಿನಲ್ಲಿ, ತುಂಬಿದ ಲಾರಿಯಲ್ಲಿ, ಈ ದೂರಗಳು ಇನ್ನೂ ಬೆಳೆಯುತ್ತವೆ. 25 ಮೀಟರು ದೂರದಲ್ಲಿ ರಸ್ತೆಗಿಳಿದ ಮುದುಕಿಯ ಮಟ್ಟಿಗೆ, ಅವಳು ಎಡಬಲ ನೋಡಿದಳೇ ಇಲ್ಲವೇ ಎಂಬುದಕ್ಕಿಂತ ಬರುವ ವಾಹನ 30ರಲ್ಲಿತ್ತೇ 60ರಲ್ಲಿತ್ತೇ ಎಂಬುದೇ ದೊಡ್ಡದು.

ನಾವಿರುವ ನಾಲ್ಕು ಊರುಗಳ ರಸ್ತೆಗಳನ್ನು ಈ ದೃಷ್ಟಿಯಿಂದ ನೋಡಬೇಕು. ಇವು ಮೊದಲು ರೈಲಿನ ಊರುಗಳು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಬಂತು. ಮರುವರ್ಷ ಕಲ್ಯಾಣಕ್ಕೆ ಮುಟ್ಟಿತು. ಊರು ಬೆಳೆದದ್ದು ಸ್ಟೇಶನ್ನಿನ ಸುತ್ತ, ಜನ ನಡೆದು ತಲಪುವಷ್ಟು ದೂರದಲ್ಲಿ. ಡೊಂಬಿವಲಿಯಂತೂ ಹಳಿಯ ಪೂರ್ವಕ್ಕೊಂದು ಊರು, ಪಶ್ಚಿಮಕ್ಕೊಂದು ಊರು. ಸ್ಟೇಶನ್ನಿನಿಂದ ಮನೆಗೆ ನಡೆಯುವವನು ರಿಕ್ಷಾ, ಕೈಗಾಡಿ, ಅಂಗಡಿಯ ಮುಂಗಟ್ಟು, ನಿಲ್ಲಿಸಿದ ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಅವನಿಗೆ 'ಫುಟ್‌ಪಾತಿನಲ್ಲೇ ನಡೆಯಿರಿ' ಎಂಬ ಫಲಕ ತೋರಿಸಿದರೆ ಅವನು ಏನು ಮಾಡಬೇಕು? ಠಾಣೆ, ಕಲ್ಯಾಣಗಳಲ್ಲಿ ಸ್ಟೇಶನ್ನಿನ ಹೊರಗೆ ಸ್ಕೈವಾಕುಗಳು ಎದ್ದವು. ಅನುಕೂಲವಿಲ್ಲವೆನ್ನಲಾರೆ. ಆದರೆ ಅವುಗಳ ಒಳಗಿನ ಮಾತು ಆ ಹಳೆಯ ಪಾಠವೇ: ವಾಹನ ನೆಲದ ಮೇಲೆ ಹೋಗಲಿ, ನೀನು ಮೆಟ್ಟಿಲು ಹತ್ತು. ಮೊಣಕಾಲು ನೋವಿನವರು ಕೆಳಗೇ ಉಳಿದರು.

ನವಿ ಮುಂಬಯಿಯ ಕಥೆ ಇನ್ನೂ ಬೋಧಪ್ರದ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, ಖಾಲಿ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ನಗರವಿದು. 1973ರಲ್ಲಿ ವಾಶಿಯ ಖಾರಿಗೆ ಸೇತುವೆ ಬಂತು. ರೈಲು ಮಾನ್‌ಖುರ್ದಿನಿಂದ ವಾಶಿಗೆ ಬಂದದ್ದು 1992ರ ಮೇ 9ರಂದು. ನಡುವಿನ 19 ವರ್ಷ ಈ ನಗರದ ಜನಕ್ಕೆ ಮುಂಬಯಿಗೆ ಹೋಗಲು ರಸ್ತೆಯೇ ಗತಿ. ಸಯಾನ್–ಪನ್ವೇಲ್ ಹೆದ್ದಾರಿ ಊರುಗಳ ನಡುವೆಯೇ ಹಾದುಹೋಯಿತು. ಠಾಣೆ–ಬೇಲಾಪುರ ರಸ್ತೆಯ ಒಂದು ಮಗ್ಗುಲಿಗೆ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ವಸತಿ. ಅಗಲವಾದ ನೇರ ರಸ್ತೆ ಚಾಲಕನಿಗೆ ವೇಗವಾಗಿ ಹೋಗೆಂದು ಹೇಳುತ್ತದೆ. ಅದರ ಎರಡೂ ಬದಿಗೆ ಮನೆ ಮತ್ತು ಕೆಲಸವನ್ನಿಟ್ಟರೆ ನಡೆಯುವವನಿಗೆ ದಾಟೆಂದು ಹೇಳುತ್ತದೆ. ಇಬ್ಬರೂ ರಸ್ತೆ ಹೇಳಿದಂತೆಯೇ ನಡೆದುಕೊಳ್ಳುತ್ತಾರೆ. ಯೋಜನೆಯಿಲ್ಲದೆ ಬೆಳೆದ ಡೊಂಬಿವಲಿಗೆ ಒಂದು ನೆಪವುಂಟು. ಯೋಜಿಸಿ ಕಟ್ಟಿದ ನಗರಕ್ಕೆ ಅದೂ ಇಲ್ಲ.

ದ್ವಿಚಕ್ರ ವಾಹನದವರಿಗೆ ಹೇಳುವ ಪಾಠ ಹೆಲ್ಮೆಟ್ಟು. ಅದು ಅವಶ್ಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 2018ರ ಮಳೆಗಾಲದಲ್ಲಿ ಕಲ್ಯಾಣದಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ಕೆಲವೇ ವಾರಗಳಲ್ಲಿ ರಸ್ತೆಯ ಹೊಂಡಗಳು ಒಂದರ ಮೇಲೊಂದು ಜೀವ ತೆಗೆದವು. ಶಿವಾಜಿ ಚೌಕದಲ್ಲಿ ಬೈಕಿನ ಹಿಂದೆ ಕುಳಿತ ಮಹಿಳೆಯೊಬ್ಬಳು ಬಿದ್ದು ಬಸ್ಸಿನ ಗಾಲಿಗೆ ಸಿಕ್ಕಳು. ಹಿಂದೆ ಕುಳಿತವಳಿಗೆ ಯಾವ ತರಬೇತಿ ಕೊಟ್ಟಿದ್ದರೆ ಅವಳು ಉಳಿಯುತ್ತಿದ್ದಳು? ಆ ಪಾಠ ಬೇಕಾಗಿದ್ದದ್ದು ಡಾಮರು ಹಾಕಿದವನಿಗೆ, ಬಿಲ್ಲು ಮಂಜೂರು ಮಾಡಿದವನಿಗೆ.

ಮಕ್ಕಳ ವಿಷಯ ಸೂಕ್ಷ್ಮವಾದದ್ದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲಿ ಚಿಕ್ಕ ಮಕ್ಕಳನ್ನು ರಸ್ತೆಯಂಚಿನಲ್ಲಿ ವರ್ಷಗಟ್ಟಲೆ ಗಮನಿಸಿದಳು. ವಾಹನದ ವೇಗ, ದೂರ, ಸದ್ದಿನ ದಿಕ್ಕು ಇವನ್ನು ಅಂದಾಜು ಮಾಡುವ ಶಕ್ತಿ ಸುಮಾರು ಹತ್ತು ವರ್ಷದವರೆಗೆ ಮಕ್ಕಳಲ್ಲಿ ಪೂರ್ತಿಯಾಗಿ ಬೆಳೆದಿರುವುದಿಲ್ಲ, ಎಷ್ಟು ಕಲಿಸಿದರೂ ಆ ವಯಸ್ಸಿನವರನ್ನು ಇಂದಿನ ರಸ್ತೆಗೆ ಒಗ್ಗಿಸಲಾಗದು ಎಂದು ಅವಳು ತೋರಿಸಿದಳು. ನಿಯಮ ಬಾಯಿಗೆ ಬರುತ್ತದೆ; ಚೆಂಡು ಉರುಳಿದರೆ ಕಾಲು ಓಡುತ್ತದೆ. ಹದಿಹರೆಯದವರ ಚಾಲನಾ ಶಿಕ್ಷಣದ ಮೇಲೂ ಒಂದು ದೊಡ್ಡ ಪ್ರಯೋಗ ನಡೆದಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ 1970ರ ದಶಕದ ಕೊನೆಯಿಂದ ಸುಮಾರು 16,000 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ ಕೆಲವರಿಗೆ ವಿಸ್ತಾರವಾದ ಶಿಕ್ಷಣ, ಕೆಲವರಿಗೆ ಅಲ್ಪ ಶಿಕ್ಷಣ ಕೊಟ್ಟು, ಕೆಲವರನ್ನು ಹಾಗೆಯೇ ಬಿಟ್ಟು ನೋಡಿದರು. ಕಾಲ ಕಳೆದಂತೆ ಅಪಘಾತಗಳಲ್ಲಿ ಬಾಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ದಿಲ್ಲಿಯ ಐ.ಐ.ಟಿ.ಯ ಪ್ರೊಫೆಸರ್ ದಿನೇಶ್ ಮೋಹನ್ 2021ರಲ್ಲಿ ತೀರಿಕೊಳ್ಳುವವರೆಗೂ ಇದನ್ನೇ ಹೇಳುತ್ತ ಬಂದರು: ಜನ ತಪ್ಪು ಮಾಡಿಯೇ ಮಾಡುತ್ತಾರೆ, ತಪ್ಪು ಮಾಡಿದವನೂ ಬದುಕುಳಿಯುವಂಥ ರಸ್ತೆ ಕಟ್ಟಿ ಎಂದು.

ಇದರ ನಿದರ್ಶನ ನಮ್ಮ ಮನೆಬಾಗಿಲಲ್ಲೇ ಇದೆ. ನವಿ ಮುಂಬಯಿಯ ಕಳಂಬೋಲಿಯಿಂದ ಹೊರಡುವ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ರಸ್ತೆ, ಉದ್ದ 94.5 ಕಿಲೋಮೀಟರು, 2002ರಲ್ಲಿ ಪೂರ್ತಿಯಾಯಿತು. 2016ರಲ್ಲಿ ಅದರ ಮೇಲೆ 151 ಮಂದಿ ಸತ್ತರು. ಆ ವರ್ಷ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ, ಮಹಾರಾಷ್ಟ್ರದ ರಸ್ತೆ ಅಭಿವೃದ್ಧಿ ನಿಗಮ, ಹೆದ್ದಾರಿ ಪೊಲೀಸರು ಮೊದಲಾದವರು ಕೂಡಿ ಕೆಲಸಕ್ಕೆ ತೊಡಗಿದರು. ಪ್ರತಿಯೊಂದು ಅಪಘಾತ ಎಲ್ಲಿ, ಏಕೆ ಆಯಿತೆಂದು ಸ್ಥಳಕ್ಕೆ ಹೋಗಿ ನೋಡಿದರು. ತಡೆಬೇಲಿಯಲ್ಲಿ ಬಾಯಿಬಿಟ್ಟ ಜಾಗಗಳನ್ನು ಮುಚ್ಚಿದರು, ರಸ್ತೆಯ ಮಗ್ಗುಲಿನ ಗಟ್ಟಿ ಕಂಬ, ಗೋಡೆಗಳಿಗೆ ಆಚ್ಛಾದನೆ ಕಟ್ಟಿದರು, ಅಂಚಿನಲ್ಲಿ ಲಾರಿ ನಿಲ್ಲಿಸುವುದನ್ನು ತಡೆದರು, ಗಾಯಾಳುಗಳನ್ನು ಬೇಗ ಸಾಗಿಸುವ ವ್ಯವಸ್ಥೆ ಮಾಡಿದರು. 2019ಕ್ಕೆ ಸಾವು 92ಕ್ಕೆ ಇಳಿಯಿತು. 2020ರಲ್ಲಿ 66 ಆಯಿತು. ಆದರೆ ಅದು ಲಾಕ್‌ಡೌನಿನ ವರ್ಷವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಪ್ರಾಮಾಣಿಕತೆ. ಈ ರಸ್ತೆಯಲ್ಲಿ ಪಾದಚಾರಿಗೂ ಬೈಕಿಗೂ ಪ್ರವೇಶವಿಲ್ಲ ಎಂಬುದನ್ನೂ ಹೇಳಬೇಕು. ಕಲ್ಯಾಣ–ಶೀಳ ರಸ್ತೆಯಲ್ಲಿ ಕೆಲಸ ಇಷ್ಟು ಸುಲಭವಲ್ಲ. ಆದರೂ ಚಾಲಕರೆಲ್ಲ ಮೂರು ವರ್ಷದಲ್ಲಿ ಸಂತರಾದರೆಂದು ಯಾರೂ ಹೇಳಲಾರರು. ಬದಲಾದದ್ದು ಮುಖ್ಯವಾಗಿ ರಸ್ತೆ ಮತ್ತು ಕಾವಲು.

ಕಾಯಿದೆಗೂ ಇದು ತಡವಾಗಿ ಹೊಳೆಯಿತು. 2019ರ ತಿದ್ದುಪಡಿಯಲ್ಲಿ 198-ಎ ಎಂಬ ಕಲಮು ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳಲ್ಲಿ ನಿಗದಿಯಾದ ಮಟ್ಟ ಪಾಲಿಸದೆ ಸಾವುನೋವಾದರೆ ಸಂಬಂಧಪಟ್ಟ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. 1914ರಿಂದ ಎಣಿಸಿದರೆ ಮೋಟಾರು ಕಾಯಿದೆಯಲ್ಲಿ ರಸ್ತೆ ಕಟ್ಟುವವನ ಹೆಸರು ಬರಲು 105 ವರ್ಷ ಹಿಡಿಯಿತು. ಅದೇ ತಿದ್ದುಪಡಿ, ಅಪ್ರಾಪ್ತ ವಯಸ್ಸಿನ ಮಗನ ಕೈಗೆ ಬೈಕು ಕೊಟ್ಟ ತಂದೆಗೆ 25,000 ರೂಪಾಯಿ ದಂಡದ ಜತೆಗೆ ಮೂರು ವರ್ಷದವರೆಗೆ ಸೆರೆಮನೆಯನ್ನೂ ವಿಧಿಸುತ್ತದೆ. ಗುತ್ತಿಗೆದಾರನಿಗೆ ಸೆರೆಮನೆಯ ಮಾತಿಲ್ಲ.

ಹಾಗೆಂದು ಶಿಕ್ಷಣವೇ ಬೇಡವೆನ್ನುವುದಲ್ಲ. ಯಾರಿಗೆ ಯಾವುದು ತಿಳಿದಿಲ್ಲವೋ ಅವರಿಗೆ ಅದನ್ನು ಹೇಳಬೇಕು. ನಮ್ಮ ಸಂಘದಂಥವುಗಳಿಗೆ ಎಟಕುವ ಕೆಲಸ ಒಂದಿದೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ನವಿ ಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ಕನ್ನಡದ ಕೂಲಿಕಾರರು ಬೆಳಿಗ್ಗೆ ನಾಕಾಗಳಲ್ಲಿ ಕೆಲಸಕ್ಕಾಗಿ ನಿಂತಿರುತ್ತಾರೆ. ಹೆದ್ದಾರಿಯ ಅಂಚಿನಲ್ಲಿ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು, ಬುಟ್ಟಿ ಹೊತ್ತು ನಡೆಯುವವರು ಇವರು. ಜನವರಿಯ ಫಲಕಗಳು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿರುತ್ತವೆ. ಇವರಲ್ಲಿ ಅನೇಕರಿಗೆ ಕನ್ನಡದ ಓದೂ ಕಷ್ಟ. ಆದರೆ ರಸ್ತೆಯ ಚಿಹ್ನೆಗಳಿಗೆ ಭಾಷೆ ಬೇಡ. ರಸ್ತೆ ಚಿಹ್ನೆಗಳ ಕುರಿತಾದ 1968ರ ವಿಯೆನ್ನಾ ಒಪ್ಪಂದಕ್ಕೆ ಭಾರತ 1980ರಲ್ಲಿ ಸೇರಿದೆ. ಓದು ಬಾರದವನಿಗೂ ಆಕಾರದಿಂದಲೇ ತಿಳಿಯಬೇಕೆಂಬುದು ಅದರ ಉದ್ದೇಶ. ದುಂಡಗಿನದು ಆಜ್ಞೆ, ಮುಕ್ಕೋನದ್ದು ಎಚ್ಚರಿಕೆ, ಚೌಕದ್ದು ಮಾಹಿತಿ. ಇದಿಷ್ಟನ್ನು ಅವರ ಮಾತಿನಲ್ಲಿ ಹೇಳಲು ಹತ್ತು ನಿಮಿಷ ಸಾಕು. ಫುಟ್‌ಪಾತಿಲ್ಲದ ಕಡೆ ಬಲಬದಿಗೆ, ವಾಹನಕ್ಕೆ ಮುಖ ಮಾಡಿ ನಡೆಯಿರಿ ಎಂದು ಹೇಳಲು ಇನ್ನೊಂದು ನಿಮಿಷ. ಸಂಜೆಗತ್ತಲಲ್ಲಿ ತಲೆಗೆ ಕಟ್ಟುವ ಟವಲು ಬಿಳಿಯದಾಗಿದ್ದರೆ ಒಳ್ಳೆಯದೆಂಬುದನ್ನೂ ಹೇಳಬಹುದು. ಭಾನುವಾರ ಬೆಳಿಗ್ಗೆ ನಾಕಾಕ್ಕೆ ಹೋಗುವ ಮನಸ್ಸುಳ್ಳ ನಾಲ್ಕಾರು ಸದಸ್ಯರು ಸಿಕ್ಕರೆ ಚಿಹ್ನೆಗಳ ಚಿತ್ರಪಟವನ್ನು ಬಿಡಿಸಿಕೊಡಲು ನಾನು ಸಿದ್ಧನಿದ್ದೇನೆ.